ಬಂಡಿ ಚಕ್ರದ ಬಾವುಟ

ನಾನು ಸುಲಭಕ್ಕೆ ಬೆರಗಾಗುವ ಹೆಂಗಸಲ್ಲ. ಶ್ರೀರಂಗಪಟ್ಟಣದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತ ಸರ್ವೀಸು ಪೂರ್ತಿ ಕಳೆದವಳು. ಕಾಜಾ ಸೊಟ್ಟಗಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುವುದು, ಹೆಮ್ಮಿಂಗು ಮೇಲೆದ್ದು ಕಂಡರೆ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಒಂದು ಬಿಡುವುದು, ಇದೇ ನನ್ನ ಜೀವನ. ಯಾರು ಏನು ತಂದು ತೋರಿಸಿದರೂ ನನ್ನ ಕಣ್ಣು ಮೊದಲು ಹೋಗುವುದು ತಪ್ಪಿನ ಕಡೆಗೆ. ಮದುವೆಮನೆಯಲ್ಲಿ ಹೆಣ್ಣಿನ ರವಿಕೆ ತೋಳು ಎಲ್ಲಿ ಎಳೆದಿದೆ ಎಂದು ನೋಡುತ್ತ ಕೂತು, ಊಟದ ಪಂಕ್ತಿ ತಪ್ಪಿಸಿಕೊಂಡವಳು ನಾನು. ಅಂಥ ನನ್ನ ಬಾಯಿ ಕಟ್ಟಿಸಿದವರು ಒಬ್ಬರೇ ಒಬ್ಬರು. ಗಂಜಾಂನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ದನದ ಡಾಕ್ಟ್ರು. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಪೇಪರಿನವರು ಹುಡುಕಿಕೊಂಡು ಬಂದರೆ ಹಿತ್ತಲ ಬಾಗಿಲಿನಿಂದ ಮೊಪೆಡ್ಡು ತಳ್ಳಿಕೊಂಡು ಹೊರಟುಬಿಡುತ್ತಿದ್ದ ಮನುಷ್ಯ ಅವರು. ಸತ್ತ ಮೇಲೆ ಹಿಡಿದುಕೊಟ್ಟರೆ ಚೆನ್ನಾಗಿರುವುದಿಲ್ಲ.

ನಾವು ಆ ಬೀದಿಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಬಂದ ಹೊಸತರಲ್ಲಿ ಒಂದು ಭಾನುವಾರ ನಮ್ಮ ಕಿಟಕಿಯಿಂದ ಅವರ ತಾರಸಿ ನೋಡಿದೆ. ಹೊಂಗೆ ಮರದ ನೆರಳಿಗೆ ಹಗ್ಗದ ಮಂಚ, ಮಂಚದ ಮೇಲೆ ಬಿಳಿ ಪಂಚೆ, ಪಂಚೆಯ ಮೇಲೆ ಉದ್ದಕ್ಕೂ ಬಾವುಟಗಳು. ಕೆಲವಕ್ಕೆ ಚಕ್ರ, ಕೆಲವಕ್ಕೆ ಚರಕ, ಒಂದೆರಡಕ್ಕೆ ಏನೂ ಇಲ್ಲ, ಬಣ್ಣವೂ ಇಲ್ಲ, ಬೂದಿಯ ಹಾಗೆ ಮಾಸಿದವು. ಪಕ್ಕದಲ್ಲಿ ಆರಡಿಯ ಆಸಾಮಿ ಮೊಣಕಾಲೂರಿ ಕೂತು ಬಣ್ಣ ಬಳಿಯುವ ಕುಂಚದಲ್ಲಿ ಧೂಳು ತೆಗೆಯುತ್ತಿದ್ದಾರೆ. ಇವರಿಗೆ ಬೇರೆ ಕೆಲಸವಿಲ್ಲವೇ ಎಂದುಕೊಂಡೆ.

ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬೀದಿಯಲ್ಲಿ ಇನ್ಯಾರೋ ಪೊಲೀಸಿನವರಿಗೇ ಹೋಗಿ ಹೇಳಿದ್ದರು. ಪೇದೆಯೊಬ್ಬ ಬಂದ. ನಾನೂ ನೆಪ ಮಾಡಿಕೊಂಡು ಮಜ್ಜಿಗೆ ಚೊಂಬು ಹಿಡಿದು ಹೋದೆ, ಅವರ ಹೆಂಡತಿಯನ್ನು ಮಾತಾಡಿಸುವವಳ ಹಾಗೆ.

"ಏನ್ ಸಾ ಇದು, ರಾಷ್ಟ್ರಧ್ವಜಾನ ಸೀರೆ ಒಣಗಾಕ್ದಂಗೆ ಒಣಗಾಕ್ತಾವ್ರೆ ಅಂತ ಕಂಪ್ಲೇಂಟು ಬಂದೈತೆ" ಎಂದ ಪೇದೆ.

ಡಾಕ್ಟ್ರು ಸಿಟ್ಟಾಗಲಿಲ್ಲ. "ಕೈ ತೊಳ್ಕೊಂಡು ಬಾಪ್ಪ" ಎಂದರು. ಅವನು ತೊಳೆದು ಬಂದ. ಕೂರಿಸಿ, ಎರಡೂ ಅಂಗೈ ಚಾಚಿಸಿ, ಒಂದು ಚರಕದ ಬಾವುಟವನ್ನು ಮೆಲ್ಲಗೆ ಇಟ್ಟರು. "ಎಂಗೈತೆ ತೂಕ?"

"ಅಗುರಾಗೈತೆ ಸಾ."

"ಊಂ. ಇಷ್ಟು ಅಗುರಾದ್ದನ್ನ ಇಡ್ಕೊಂಡು ನಿಂತ್ರೆ ಮೈಮೇಲೆ ಲಾಠಿ ಬೀಳ್ತಿತ್ತು. ಆದ್ರೂ ಇಡ್ಕೊಂಡು ನಿಂತೋರು ಅವ್ರೆ ನಮ್ ಕಡೆ ಊರುಗಳಲ್ಲಿ."

ಕೈ ಅಲ್ಲಾಡಿಸಿದರೆ ಎಲ್ಲಿ ಬಿದ್ದೀತೋ ಎಂದು ಪೇದೆ ಉಸಿರು ಬಿಗಿಹಿಡಿದು ಕೂತಿದ್ದ. ಆಮೇಲೆ "ತಗೊಳಿ ಸಾ, ನನ್ ಕೈ ಬೆವರ್ತಾ ಐತೆ" ಎಂದು ಹಿಂದಕ್ಕೆ ಕೊಟ್ಟ. ನಾನು ಮಜ್ಜಿಗೆ ಚೊಂಬನ್ನು ಹಿಡಿದುಕೊಂಡೇ ನಿಂತಿದ್ದೆ, ಯಾಕೆ ಬಂದೆ ಎಂಬುದು ನನಗೂ ಮರೆತುಹೋಗಿತ್ತು.

ಅವರಿಗೆ ಈ ಬಾವುಟಗಳೆಲ್ಲ ಸಿಗುತ್ತಿದ್ದದ್ದು ದನದ ಕೊಟ್ಟಿಗೆಗಳಲ್ಲಿ. ನೀವು ನಗಬೇಡಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ವರ್ಗವಾದ ಕಡೆಯೆಲ್ಲ ತಿರುಗಿದ ದನದ ಡಾಕ್ಟ್ರಿಗೆ ಮನೆಯ ಹಿಂಬದಿಯೇ ಹೆಬ್ಬಾಗಿಲು. ಬೇರೆ ನೆಂಟರು ಜಗುಲಿಯಲ್ಲಿ ಕಾಫಿ ಕುಡಿದು ಹೋಗುತ್ತಾರೆ, ಇವರು ನೇರ ಕೊಟ್ಟಿಗೆಗೆ, ಅಟ್ಟದ ಕೆಳಕ್ಕೆ, ಗೊಂತಿನ ಪಕ್ಕಕ್ಕೆ. ಹಳೇ ಬಟ್ಟೆ ಇರುವುದೂ ಅಲ್ಲೇ. "ಬಾವುಟ ಸಾಯಾಕಿಲ್ಲ ಟೀಚರೇ, ಕೆಲ್ಸ ಬದಲಾಯಿಸ್ತದೆ" ಎನ್ನುತ್ತಿದ್ದರು. ಒಂದೂರಲ್ಲಿ ತೊಟ್ಟಿಲ ಅಡಿಗೆ ಹಾಸಿದ್ದರು. ತೊಣ್ಣೂರಲ್ಲಿ ಬಿತ್ತನೆ ಅವರೆಕಾಳು ಕಟ್ಟಿ ಅಟ್ಟಕ್ಕೆ ಸೇರಿಸಿದ್ದರು. ಕ್ಯಾತನಹಳ್ಳಿಯ ಒಂದು ಆಲೆಮನೆಯಲ್ಲಂತೂ ಕಬ್ಬಿನ ಹಾಲು ಸೋಸುವ ಬಟ್ಟೆಯಾಗಿತ್ತಂತೆ. ಅಲ್ಲಿಗೆ ಹೋದದ್ದು ಎತ್ತಿನ ಗೊರಸು ನೋಡಲು. ಸೋಸುವ ಬಟ್ಟೆಯ ಅಂಚಿನಲ್ಲಿ ಒಂದು ಎಳೆ ಹಸಿರು ಕಂಡದ್ದೇ ಎತ್ತನ್ನು ಬಿಟ್ಟು ಕೊಪ್ಪರಿಗೆ ಹತ್ತಿರ ಹೋಗಿ ನಿಂತರಂತೆ. ಹೊಸ ಖಾದಿ ಬಟ್ಟೆ ತರಿಸಿಕೊಟ್ಟು ಅದನ್ನು ಬಿಡಿಸಿಕೊಂಡು ಬಂದರು. ಗಂಜಾಂ ಮನೆಗೆ ಬಂದದ್ದು ಬಾವುಟ ಒಂದು, ಇರುವೆ ಲಕ್ಷ. ಅವರ ಹೆಂಡತಿ ಅಡಿಗೆಮನೆಯಿಂದ, "ಇನ್ನು ನಾನು ಸಕ್ಕರೆ ಡಬ್ಬಿ ಮುಚ್ಚೋದೇನು ಬುಡು, ಇವ್ರೇ ಬೆಲ್ಲದ ಬಾವುಟ ತಂದವ್ರೆ" ಎಂದು ಗೊಣಗಿದ್ದು ನನಗೆ ಕೇಳಿಸಿತು. ಇವರು ಹಸಿ ಬಟ್ಟೆಯಲ್ಲಿ ಒತ್ತಿ ಒತ್ತಿ ಬೆಲ್ಲ ಬಿಡಿಸುತ್ತ ವಾರಗಟ್ಟಲೆ ಕೂತರು. ಬಣ್ಣ ವಾಪಸು ಬರಲಿಲ್ಲ. "ಬರ್ದಿದ್ರೆ ಏನಾತು, ದುಡ್ದು ಸವ್ದೈತೆ" ಎಂದರು.

ಬರೀ ಬಾವುಟ ಅಂತಲ್ಲ. ಜೈ ಹಿಂದ್ ಎಂದು ಕಸೂತಿ ಹಾಕಿದ ದಿಂಬಿನ ಚೀಲ, ಅಖಂಡ ಭಾರತದ ನಕ್ಷೆಯನ್ನು ಅಡ್ಡಹೊಲಿಗೆಯಲ್ಲಿ ತುಂಬಿದ ಮೇಜುಬಟ್ಟೆ, ಮೂರು ಬಣ್ಣದ ಅಂಚಿನ ಖಾದಿ ಸೀರೆ, ಚರಕದ ಅಚ್ಚಿನ ಕರ್ಚೀಫು. ಎಲ್ಲವೂ ಬೇವಿನ ಸೊಪ್ಪಿನ ಜೊತೆ ತಗಡಿನ ಟ್ರಂಕುಗಳಲ್ಲಿ. ಅವರು ಟ್ರಂಕು ತೆರೆದಾಗ ನಾನು ಅಭ್ಯಾಸಬಲದಿಂದ ತಪ್ಪು ಹುಡುಕಲು ಕೂತೆ. ತಪ್ಪು ಬೇಕಾದಷ್ಟು ಸಿಕ್ಕವು. ಕೇಸರಿ ಕೆಳಗೆ, ಹಸಿರು ಮೇಲೆ. ಒಂದರಲ್ಲಿ ಬಿಳಿ ಪಟ್ಟಿ ಸಾಲದೆ ಪಂಚೆಯ ಜರಿ ಅಂಚನ್ನೇ ಸೇರಿಸಿಬಿಟ್ಟಿದ್ದಾರೆ. ಇನ್ನೊಂದರ ಚರಕಕ್ಕೆ ಹಿಡಿಯೇ ಇಲ್ಲ. ಆದರೆ ಒಂದೊಂದನ್ನೂ ಕೈಯಲ್ಲಿ ಹಿಡಿದಾಗ, ಇದನ್ನು ಹೊಲಿದವಳು ಯಾವ ದೀಪದ ಬೆಳಕಲ್ಲಿ, ಯಾರ ಕಣ್ಣು ತಪ್ಪಿಸಿ ಕೂತು ಹೊಲಿದಳೋ ಅನ್ನಿಸಿತು. ಸ್ಕೇಲಿನ ಹೊಡೆತ ಕೊಟ್ಟ ಕೈ ನನ್ನದು, ಅವತ್ತು ಅವನ್ನು ಮಡಿಕೆ ತಪ್ಪದಂತೆ ಟ್ರಂಕಿಗೆ ವಾಪಸು ಇಟ್ಟಿತು.

ಅವರು ಯಾವ ಬಾವುಟವನ್ನೂ ಮುಂದಿನಿಂದ ನೋಡುತ್ತಿರಲಿಲ್ಲ. ಕೈಗೆ ಬಂದದ್ದೇ ತಿರುಗಿಸಿ ಹಾಕುವುದು. "ಮುಂದ್ಗಡೆ ದೇಶ ಐತೆ. ಒಲ್ದೋರು ಇರೋದು ಇಂದ್ಗಡೆ" ಎನ್ನುವರು. ಗಂಟು ಎಲ್ಲಿ ಹಾಕಿದ್ದಾರೆ, ದಾರ ಮುಗಿದಾಗ ಏನು ಮಾಡಿದ್ದಾರೆ, ಇದೆಲ್ಲ ಅವರಿಗೆ ಬೇಕು. ಗೊತ್ತಾಗದಿದ್ದರೆ ನನ್ನನ್ನು ಕರೆಯುವರು, ಇಲ್ಲವೇ ಸಂತೆಬೀದಿಯ ಮುದುಕ ಟೈಲರು ಸಾಬರ ಹತ್ತಿರ ಹೋಗುವರು. ಆ ಸಾಬರು ನಲವತ್ತೇಳರಲ್ಲಿ ಹುಡುಗನಾಗಿ ಅಪ್ಪನ ಜೊತೆ ಬಾವುಟ ಹೊಲಿದವರು. "ಸಫೇದ್ ಕಪಡಾ ಖತಂ ಆಗೋಯ್ತು ಡಾಕ್ಟರ್ ಸಾಬ್, ನಮ್ಮ ಅಬ್ಬಾ ಈದ್‌ಗೆ ಅಂತ ಇಟ್ಟಿದ್ದ ಬಿಳಿ ಬಟ್ಟೇನೇ ತಂದು ಕುಯ್ದುಬುಟ್ರು" ಎಂದು ಅವರು ಹೇಳುವಾಗ ಡಾಕ್ಟ್ರು ಮಿಷನ್ನಿನ ಪಕ್ಕ ನೆಲದ ಮೇಲೇ ಕೂತು ಕೇಳುತ್ತಿದ್ದರು.

ಬಾವುಟ ತಂದುಕೊಡುವವರಲ್ಲಿ ಮುಕ್ಕಾಲು ಪಾಲು ಜನ, ಇದು ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಹಾರಿದ್ದು ಎಂದೇ ಶುರುಮಾಡುತ್ತಿದ್ದರು. "ಶಿವಪುರದಲ್ಲಿ ಅಷ್ಟೊಂದು ಬಾವುಟ ಆರಿದ್ರೆ ಬಿಸ್ಲೇ ಬೀಳ್ತಿರಲಿಲ್ಲ ಕಣ್ಲಾ" ಎಂದು ಡಾಕ್ಟ್ರು ನಗುತ್ತ, ಆದರೂ ತಂದವನನ್ನು ಕೂರಿಸಿ ಕಾಫಿ ಕುಡಿಸಿ, ತಿರುಗಿಸಿ ನೋಡುತ್ತಿದ್ದರು.

ಅವರಿಗೊಂದು ಕಟ್ಟುನಿಟ್ಟಿನ ನೇಮವಿತ್ತು. ಬಾವುಟ ಇದೆ ಎಂದು ಗೊತ್ತಾದ ಮನೆಗೆ ಮುಂಚೆ ಹೇಳಿ ಕಳಿಸುತ್ತಿರಲಿಲ್ಲ. ಸುಮ್ಮನೆ ದನ ನೋಡುವವರ ಹಾಗೆ ಹೋಗಿ ಬಾಗಿಲಲ್ಲಿ ನಿಲ್ಲುವುದು. ಕಾರಣ ಕೇಳಿದರೆ, "ನಮ್ ಜನ ಒಳ್ಳೇರು ಟೀಚರೇ, ಅದೇ ತೊಂದ್ರೆ. ಕೊಡೋ ಬಟ್ಟೆ ಕೊಳೆ ಇರಬಾರ್ದು, ಅರ್ದಿರಬಾರ್ದು. ಯೋಳಿ ಕಳ್ಸುದ್ರೆ ನಾವು ಓಗೋ ಒತ್ಗೆ ಒಗ್ದು, ನೀಲಿ ಆಕಿ, ಮೂಲೆಗೆ ಅರಿಶ್ನ ಅಚ್ಚಿ ಮಡಗಿರ್ತಾರೆ" ಎನ್ನುತ್ತಿದ್ದರು. ಹಾಗೆ ಎರಡು ಮೂರು ಒಳ್ಳೊಳ್ಳೆ ಬಾವುಟ ಕಳೆದುಕೊಂಡಿದ್ದರಂತೆ.

ಇಷ್ಟೆಲ್ಲ ಯಾಕೆ ಎಂದು ಒಂದು ಸಂಜೆ ಕೇಳಿಯೇ ಬಿಟ್ಟೆ. ನನಗೆ ಬಾಯಿ ಹಿಡಿದುಕೊಂಡು ಗೊತ್ತಿಲ್ಲ. ಅವರು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಕೂತರು.

ಅವರ ಊರು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿ. ಸ್ವಾತಂತ್ರ್ಯ ಬಂದಾಗ ಇವರು ಕಂಕುಳ ಕೂಸು. ಊರಿಗೊಂದು ಬಾವುಟ ಬೇಕು ಎಂದಾಗ ಹೊಲಿದದ್ದು ಇವರ ತಾಯಿ. ಮದುವೆ ಸೀರೆಯ ಸೆರಗು ಕತ್ತರಿಸಿ ಕೇಸರಿ ಮಾಡಿದರು, ಕುಪ್ಪಸ ಬಿಚ್ಚಿ ಹಸಿರು ಮಾಡಿದರು. ಮಧ್ಯೆ ಚಕ್ರ ಬರಬೇಕು ಎಂದು ಯಾರೋ ಹೇಳಿದರು. ಎಂಥ ಚಕ್ರ ಎಂದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಆಕೆ ಬಾಗಿಲಲ್ಲಿ ನಿಂತಿದ್ದ ಎತ್ತಿನಗಾಡಿ ನೋಡಿಕೊಂಡು, ನಡುವಿನ ಗುಂಬ, ಅರೆಕಾಲು, ಸುತ್ತಿನ ಪಟ್ಟ ಎಲ್ಲ ಸೇರಿಸಿ ನೀಲಿ ದಾರದಲ್ಲಿ ಬಂಡಿ ಚಕ್ರವನ್ನೇ ಹೊಲಿದುಬಿಟ್ಟರು. ಅದು ಹಾರಿತು. ಮಾರನೇ ವರ್ಷ ಆಕೆ ತೀರಿಕೊಂಡರು. ಅಪ್ಪ ಇನ್ನೊಂದು ಮದುವೆಯಾಗಿ, ಮೊದಲ ಹೆಂಡತಿಯ ಮಾತೆತ್ತದೆ ಬದುಕಿದರು. ಮನೆಯಲ್ಲಿ ಆಕೆಯ ಪಟ ಇಲ್ಲ, ಬಳೆ ಇಲ್ಲ, ಒಂದು ಚೂರು ಬಟ್ಟೆಯಿಲ್ಲ. ಇಷ್ಟನ್ನಾದರೂ ಹೇಳಿದವರು ಸೋದರತ್ತೆ, ಅವರೂ ಸಾಯುವ ಕಾಲಕ್ಕೆ.

"ನಮ್ಮವ್ವನ ಕೈ ಸೋಕಿದ್ದು ಅಂತ ಈ ಭೂಮಿ ಮೇಲೆ ಉಳ್ದಿದ್ರೆ ಅದೊಂದೇ ಟೀಚರೇ. ನಾನು ಅದ್ನ ಉಡುಕ್ತಾ ಇವ್ನಿ. ಮಿಕ್ಕಿದ್ದೆಲ್ಲಾ ದಾರೀಲಿ ಸಿಕ್ಕಿದ್ದು" ಎಂದರು.

ದಾರಿಯಲ್ಲಿ ಸಿಕ್ಕಿದ್ದು ಟ್ರಂಕುಗಟ್ಟಲೆ ಇತ್ತು. ಆ ಒಂದು ಸಿಕ್ಕಿರಲಿಲ್ಲ. ಪ್ರತಿ ಬಾವುಟದ ಬೆನ್ನನ್ನು ಅವರು ಯಾಕೆ ಹಾಗೆ ನೋಡುತ್ತಾರೆ ಎಂಬುದು ನನಗೆ ಅವತ್ತು ತಿಳಿಯಿತು. ಮನೆಗೆ ಬಂದು ನಮ್ಮವ್ವನ ಹಳೇ ಸೀರೆಯೊಂದನ್ನು ಪೆಟ್ಟಿಗೆಯಿಂದ ತೆಗೆದು ಸುಮ್ಮನೆ ತೊಡೆಯ ಮೇಲೆ ಹಾಕಿಕೊಂಡು ಕೂತೆ.

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ಎಲ್ಲಿ ನೋಡಿದರೂ ಪ್ಲಾಸ್ಟಿಕ್ಕು ಬಾವುಟ. ಆ ಗದ್ದಲದಲ್ಲೇ ನಾಗಮಂಗಲ ಕಡೆಯ ಹಾಲಿನ ಡೈರಿಯವನೊಬ್ಬ ಇವರಿಗೆ ಸುದ್ದಿ ತಂದ. ತಮ್ಮೂರಿನ ಒಂದು ಮನೆಯಲ್ಲಿ ಹಳೇ ಬಾವುಟವಿದೆ, ಅದರ ಚಕ್ರ ಥೇಟು ಎತ್ತಿನಗಾಡಿಯದು. ಆ ಮನೆಯ ಅತ್ತೆ ಕೆ.ಆರ್. ಪೇಟೆ ಕಡೆಯವಳು, ಈಗಿಲ್ಲ, ತವರಿಂದ ಬೆಲ್ಲ ಕಟ್ಟಿಕೊಂಡು ತಂದ ಬಟ್ಟೆಯಂತೆ. ಊರ ಹೆಸರು ಕೇಳಿದರೆ ಇವರದೇ ಊರು.

ಆಗ ಈ ಮನುಷ್ಯ ಇನ್ನು ಮಾಡಬಾರದೆಂದು ನೇಮ ಹಿಡಿದಿದ್ದ ತಪ್ಪನ್ನೇ ಮಾಡಿದರು. ಭಾನುವಾರದವರೆಗೆ ತಡೆಯಲಾರದೆ, ಅಷ್ಟರಲ್ಲಿ ಅದನ್ನು ಒಲೆ ಒರೆಸಲು ತೆಗೆದುಕೊಂಡುಬಿಟ್ಟರೆ ಎಂದು ಹೆದರಿ, "ಆ ಬಟ್ಟೆ ಜೋಪಾನ, ನಾನು ಬತ್ತಾ ಇವ್ನಿ, ನಂಗೆ ಬೇಕು ಅಂತ ಯೋಳು" ಎಂದು ಡೈರಿಯವನ ಕೈಯಲ್ಲೇ ಹೇಳಿ ಕಳಿಸಿದರು.

ಭಾನುವಾರ ನನ್ನನ್ನೂ ಕರೆದರು. ಹೊಲಿಗೆ ಗೊತ್ತಿರುವವರು ಒಬ್ಬರು ಜೊತೆಗಿರಲಿ ಎಂದರು. ಪಾಂಡವಪುರಕ್ಕೆ ಹೋಗಿ ಅಲ್ಲಿಂದ ನಾಗಮಂಗಲದ ಬಸ್ಸು. ಅವರದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸದಾಗಿ ಕ್ಷೌರ. ಐವತ್ತು ದಾಟಿದ ಗಂಡಸು ಹೆತ್ತವಳನ್ನು ಮೊದಲ ಸಲ ನೋಡಲು ಹೊರಟಂತಿತ್ತು, ನನಗೆ ಅವರ ಮುಖ ನೋಡಲು ಆಗದೆ ಕಿಟಕಿಯಾಚೆ ನೋಡುತ್ತ ಕೂತೆ.

ಆ ಮನೆಯ ಸೊಸೆ ನಗುನಗುತ್ತ ಬಾಗಿಲಿಗೆ ಬಂದಳು. ಮೂವತ್ತು ಮೂವತ್ತೈದರ ಹೆಣ್ಣುಮಗಳು. ಜಗುಲಿಯ ಮೇಲೆ ಹೊಲಿಗೆ ಮಿಷನ್ನಿತ್ತು. ಅದನ್ನು ನೋಡಿದ್ದೇ ನಾನು ಡಾಕ್ಟ್ರ ಕಡೆ ತಿರುಗಿದೆ.

ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಅದರ ಪಕ್ಕ ಮಡಿಸಿದ ಬಾವುಟ. ನಾಲ್ಕು ಮೂಲೆಗೂ ಅರಿಶಿನ. ಬಿಳಿ ಪಟ್ಟಿ ನೀಲಿ ಹಾಕಿ ಬೆಳಗಿತ್ತು.

"ಒಲ್ಗೆಯೆಲ್ಲಾ ಪಿಸ್ಕೊಂಡಿತ್ತು ಸಾ" ಎಂದಳು. "ದೊಡ್ಡೋರು ಕೇಳಿ ಕಳ್ಸವ್ರೆ, ಅರ್ದಿದ್ದು ಎಂಗೆ ಕೊಡೋದು ಅಂತ ಪೂರಾ ಬಿಚ್ಚಿ ಮಿಷನ್ನಲ್ಲಿ ಒಡ್ದೆ. ಆಮೇಕೆ ಚಕ್ರನೂ ತಪ್ಪಾಗಿತ್ತು ಸಾ, ಯಾರೋ ಪಾಪ ಗಾಡಿ ಗಾಲಿ ಮಾಡ್ಬುಟ್ಟಿದ್ರು. ಅದ್ನೂ ಕಿತ್ತು, ನನ್ ಮಗಳ ಪುಸ್ತಕ ನೋಡ್ಕೊಂಡು ಸರಿಯಾಗಿ ಇಪ್ಪತ್ನಾಕು ಗೀಟು ಎಳ್ದಿವ್ನಿ. ಎಣಿಸ್ಕಳಿ ಬೇಕಾದ್ರೆ."

ನಾನು ಬಾಯಿ ತೆಗೆದೆ. ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಒಳ್ಳೆಯದಂತೂ ಆಗಿರುತ್ತಿರಲಿಲ್ಲ. ಡಾಕ್ಟ್ರು ನನ್ನ ಕಡೆ ತಿರುಗದೆಯೇ ಕೈ ಎತ್ತಿ ತಡೆದರು.

"ಬಿಚ್ಚಿದ ದಾರ ಐತೇನವ್ವ?" ಎಂದು ಕೇಳಿದರು. ದನಿ ಸಣ್ಣಗಿತ್ತು.

"ಅಯ್ಯೋ, ಅದ್ಯಾತಕ್ ಸಾ, ಒಲೆಗಾಕ್ಬುಟ್ಟೆ."

ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಾವುಟ ಬಿಚ್ಚಿ ಮಿಷನ್ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಗೀಟು ಗೀಟ್ದಂಗೈತೆ. ಎಷ್ಟ್ ದಿನ ಕೂತಿದ್ದೆ ಇದ್ಕೆ?"

"ಮೂರು ದಿನ ಸಾ. ಕಬ್ಬಿನ ಕೆಲ್ಸಕ್ಕೂ ಓಗ್ಲಿಲ್ಲ."

"ಚೆನ್ನಾಗಿ ಮಾಡಿದ್ದೀಯ ಕಣವ್ವ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ, ನಾನು ಬೇಕೆಂದೇ ಹುಡುಕಿದೆ, ಇರಲಿಲ್ಲ. ಅವಳು ಹಿಗ್ಗಿ ಊಟಕ್ಕೆ ಎಬ್ಬಿಸಿದಳು. ಮುದ್ದೆ, ಬಸ್ಸಾರು. ನನಗೆ ತುತ್ತು ಇಳಿಯಲಿಲ್ಲ. ಅವರು ಎರಡನೇ ಮುದ್ದೆ ಹಾಕಿಸಿಕೊಂಡು, ಅವಳ ಎಮ್ಮೆಯ ಕೆಚ್ಚಲು ಬಾವಿಗೆ ಔಷಧ ಹೇಳಿ, ಮಗಳನ್ನು ಕರೆದು ಚಕ್ರದ ಗೆರೆ ಎಣಿಸಲು ಹೇಳಿ ಸರಿಯಾಗಿದೆ ಎಂದು ತಲೆ ನೇವರಿಸಿದರು. ಹೊರಡುವಾಗ ಅವಳೇ ಕೇಳಿದಳು, "ಮೊದ್ಲು ಒಲ್ದಿದ್ದು ಯಾರು ಅಂತ ಗೊತ್ತಾ ಸಾ ನಿಮ್ಗೆ?"

"ಆ ಊರ್ನೋರು ಯಾರೋ ಒಬ್ಬಾಕೆ" ಎಂದು ಚಪ್ಪಲಿ ಮೆಟ್ಟಿದರು.

ನಾನು ಬದುಕಿನಲ್ಲಿ ಬಹಳ ಜನ ದೊಡ್ಡವರನ್ನು ನೋಡಿದ್ದೇನೆ, ವೇದಿಕೆಯ ಮೇಲೆ. ಹೀಗೆ ಹೊಸ್ತಿಲ ಮೇಲೆ ನೋಡಿದ್ದು ಅದೊಂದೇ ಸಲ. ಮನುಷ್ಯನಿಗೆ ಇಷ್ಟೊಂದು ಶಕ್ತಿ ಎಲ್ಲಿಂದ ಬರುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬಸ್ಸಿಗೆ ಕಾಯಲು ಊರಾಚೆಯ ಕಲ್ಲುಬೆಂಚಿನ ಮೇಲೆ ಕೂತೆವು. ಎದುರಿಗೆ ಖಾಲಿ ರಸ್ತೆ, ಮಧ್ಯಾಹ್ನದ ಬಿಸಿಲು. ತುಂಬ ಹೊತ್ತು ಡಾಕ್ಟ್ರು ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಆಮೇಲೆ ಬಾವುಟ ತೆಗೆದರು. ತಿರುಗಿಸಿದರು. ಹಿಂದುಗಡೆಯೂ ಮಿಷನ್ನೇ, ಹಿಂದುಗಡೆಯೂ ಆ ಸೊಸೆಯೇ. ಕಣ್ಣೀರು ಬಟ್ಟೆಯ ಮೇಲೆ ಬೀಳಬಾರದೆಂದೋ ಏನೋ, ಬಾವುಟವನ್ನು ಎರಡೂ ಕೈಯಲ್ಲಿ ಮುಖಕ್ಕಿಂತ ಮೇಲೆ ಎತ್ತಿ ಹಿಡಿದರು. ಹಿಂದಿನಿಂದ ಬಿಸಿಲು ಬಿತ್ತು.

ಆಗ ಕಂಡವು ತೂತುಗಳು. ಐವತ್ತು ವರ್ಷ ದಾರ ಕೂತಿದ್ದ ತೂತುಗಳು ಒಂದೇ ಒಗೆತಕ್ಕೆ ಮುಚ್ಚಿಕೊಳ್ಳುವುದಿಲ್ಲ. ಮಿಷನ್ ಗೆರೆಯ ಆಚೆ ಈಚೆ, ಕೇಸರಿಗೂ ಬಿಳಿಗೂ ನಡುವೆ, ಬೆಳಕಿನ ಚುಕ್ಕಿಗಳು ಒಂದರ ಹಿಂದೆ ಒಂದು. ಮಧ್ಯೆ ಇಪ್ಪತ್ತನಾಲ್ಕು ಗೀಟಿನ ಅಡಿಯಲ್ಲಿ ಗಾಡಿ ಗಾಲಿ, ಗುಂಬ ಸಮೇತ.

"ಟೀಚರೇ" ಎಂದರು, ಅಷ್ಟೇ.

ನಾನು ಹತ್ತಿರ ಬಾಗಿ ನೋಡಿದೆ. ತಪ್ಪು ಹುಡುಕುವ ನನ್ನ ಹಾಳು ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸಿತು. ಓರೆಹೊಲಿಗೆಯ ಚುಕ್ಕಿಗಳು ವಾಲಬೇಕಾದ ಕಡೆಗೆ ವಾಲಿರಲಿಲ್ಲ, ಅದಕ್ಕೆ ಎದುರಾಗಿ ವಾಲಿದ್ದವು. ಒಂದು ಕಡೆಯಲ್ಲ, ಉದ್ದಕ್ಕೂ. ನನ್ನ ತರಗತಿಯಲ್ಲಿ ವರ್ಷಕ್ಕೊಬ್ಬಳೋ ಇಬ್ಬರೋ ಹುಡುಗಿಯರ ಹೆಮ್ಮಿಂಗು ಹೀಗೆ ಬರುತ್ತಿತ್ತು. ಎಷ್ಟು ತಿದ್ದಿದರೂ ಹೀಗೇ ಬರುತ್ತಿತ್ತು.

"ಡಾಕ್ಟ್ರೇ, ನಿಮ್ಮ ತಾಯಿ ಎಡಗೈಯವರು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಚುಕ್ಕಿಗಳನ್ನು ತೋರಿಸಿದೆ. ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯುತ್ತ ಹೋಗುತ್ತಾರೆ, ಇವರು ಎಡದಿಂದ ಬಲಕ್ಕೆ ಬಂದಿದ್ದಾರೆ, ಸೂಜಿ ಎಡಗೈಯಲ್ಲಿಲ್ಲದೆ ಈ ಓರೆ ಬರುವುದೇ ಇಲ್ಲ ಎಂದು ಹೇಳಿದೆ. ಅವರು ಬಾವುಟವನ್ನು ಕೆಳಗಿಳಿಸಲಿಲ್ಲ.

"ಯಾರೂ ಯೋಳ್ಲಿಲ್ಲ ನಂಗೆ" ಎಂದರು. "ನಮ್ಮತ್ತೆನೂ ಯೋಳ್ಲಿಲ್ಲ." ಆಮೇಲೆ ಬಾವುಟ ಇಳಿಸಿ, "ಎಂಗ್ ಕೂತ್ಕೊಂಡು ಒಲಿತಾರೆ ಟೀಚರೇ, ಎಡಗೈನೋರು? ತೋರ್ಸಿ" ಎಂದರು.

ನನ್ನ ಹತ್ತಿರ ಸೂಜಿಯಿಲ್ಲ, ದಾರವಿಲ್ಲ. ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ನನ್ನ ಸೆರಗಿನ ಅಂಚನ್ನೇ ಬಲಗೈಯಲ್ಲಿ ಹಿಡಿದು, ಎಡಗೈಯ ಎರಡು ಬೆರಳನ್ನು ಸೂಜಿ ಹಿಡಿದಂತೆ ಹಿಡಿದೆ. ನನಗೆ ರೂಢಿಯಿಲ್ಲ, ಕೈ ತಡವರಿಸಿತು. ಚುಚ್ಚಿದೆ, ಎಳೆದೆ. ಮತ್ತೆ ಚುಚ್ಚಿದೆ, ಎಳೆದೆ. ಅವರು ಬಾವುಟವನ್ನು ಎದೆಗಿಟ್ಟುಕೊಂಡು ನನ್ನ ಎಡಗೈಯನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ.

ದೂರದಲ್ಲಿ ಬಸ್ಸು ಬರುವುದು ಕಂಡಿತು. ನಾನು ಸೆರಗು ಬಿಟ್ಟು ಏಳಲು ಹೋದೆ.

"ಓಗ್ಲಿ ಬುಡಿ, ಇನ್ನೊಂದ್ ಬಸ್ಸು ಬತ್ತದೆ" ಎಂದರು ಡಾಕ್ಟ್ರು. "ನೀವು ಕೈ ನಿಲ್ಲಿಸ್ಬೇಡಿ."